ಕಿಂಡಿಯಲ್ಲಿ ಕೇಳುವ ಊರು

ಒಂದು ಊರು. ಯಾವ ದಿಕ್ಕಿನಲ್ಲಿದೆ ಎಂದು ಕೇಳಿದರೆ, ಹೋಗಿ ಬಂದವರು ಒಬ್ಬೊಬ್ಬರೂ ಒಂದೊಂದು ಕಡೆಗೆ ಬೆರಳು ತೋರಿಸುತ್ತಾರೆ. ಆದ್ದರಿಂದ ದಿಕ್ಕಿನ ಮಾತು ಬಿಡೋಣ. ಆ ಊರಿಗೆ ಒಂದೇ ಒಂದು ಕಟ್ಟಳೆ. ಯಾವುದರ ಒಳಗೂ ಕೈ ಹಾಕಬಾರದು. ಏನು ಬೇಕಿದ್ದರೂ ಕಿಂಡಿಯ ಮುಂದೆ ನಿಂತು ಕೇಳಬೇಕು.

ಊರಿನ ಕೆಲಸವನ್ನೆಲ್ಲ ಮಾಡುತ್ತಿದ್ದವು ಮರದ ಪೆಟ್ಟಿಗೆಗಳು. ನೀರಿಗೊಂದು, ದೀಪಕ್ಕೊಂದು, ಊರ ಮುಂದಿನ ಅಗಸೆ ಬಾಗಿಲಿಗೊಂದು, ಗಂಟೆಗೊಂದು, ಬೀಸುಕಲ್ಲಿಗೊಂದು, ಹೊಳೆಯ ಹರಿಗೋಲಿಗೊಂದು. ಪೆಟ್ಟಿಗೆ ಮಾಡುವವರು ಅದರ ತೆರೆದ ಬಾಯಿಗೆ ತಮ್ಮ ಬಾಯಿ ತಂದು ಅದರ ಕೆಲಸವನ್ನು ಹೇಳುತ್ತಿದ್ದರು, ಮುಚ್ಚಳ ಹಾಕುತ್ತಿದ್ದರು, ಮುಂದೊಂದು ಸಣ್ಣ ಕಿಂಡಿ ಬಿಡುತ್ತಿದ್ದರು. ಅಂದಿನಿಂದ ಆ ಮುಚ್ಚಳವನ್ನು ಅದರ ಹೊಣೆ ಹೊತ್ತವರ ಹೊರತು ಬೇರೆ ಯಾರೂ ತೆಗೆಯುವಂತಿರಲಿಲ್ಲ. ಬೆಳಗಾದರೆ ಪ್ರತಿಯೊಂದು ಕಿಂಡಿಗೂ ಹೋಗಿ "ಬೆಳಗಾಯಿತು" ಎಂದರೆ ಸಾಕು. ನೀರಿನ ಪೆಟ್ಟಿಗೆ ನೀರನ್ನು ಮೇಲಿನ ಓಣಿಗೆ ಏರಿಸುತ್ತಿತ್ತು, ದೀಪದ ಪೆಟ್ಟಿಗೆ ದೀಪಗಳನ್ನು ಆರಿಸುತ್ತಿತ್ತು, ಅಗಸೆಯ ಪೆಟ್ಟಿಗೆ ಬಾಗಿಲು ತೆರೆಯುತ್ತಿತ್ತು. ಹೇಳುವ ಮಾತು ಒಂದೇ. ಹೇಗೆ ಉತ್ತರ ಕೊಡಬೇಕೆಂಬುದು ಆಯಾ ಪೆಟ್ಟಿಗೆಯ ಹೊಟ್ಟೆಯೊಳಗಿನ ಸಂಗತಿ. ಪೆಟ್ಟಿಗೆಗಳು ತಮ್ಮತಮ್ಮಲ್ಲೂ ಹಾಗೆಯೇ ನಡೆದುಕೊಳ್ಳುತ್ತಿದ್ದವು. ಬೀಸುಕಲ್ಲಿಗೆ ನೀರಿನ ಬಲ ಬೇಕಾದರೆ ಅದರ ಪೆಟ್ಟಿಗೆ ನೀರಿನ ಪೆಟ್ಟಿಗೆಯ ಕಿಂಡಿಗೆ ಕೂಗುತ್ತಿತ್ತು, ಸಿಕ್ಕಿದ್ದನ್ನು ತೆಗೆದುಕೊಂಡು ಸುಮ್ಮನಾಗುತ್ತಿತ್ತು.

ಪೆಟ್ಟಿಗೆ ಮಾಡುವ ವಿದ್ಯೆಯನ್ನು ಕಲಿಸಲು ದಿಬ್ಬದ ಮೇಲೊಂದು ವಿದ್ಯಾಪೀಠವಿತ್ತು. ಅಲ್ಲಿ ಹರೆಯದ ಒಂಬತ್ತು ಮಂದಿ ಕಲಿಯುತ್ತಿದ್ದರು. ಕಲಿಸುವವಳು ಒಬ್ಬಳೇ. ಅವಳಿಗೆ ಗಂಡನಿರಲಿಲ್ಲ, ಹೊಲವಿರಲಿಲ್ಲ, ದೇವರ ಮೇಲೆ ಅಂಥ ಭಕ್ತಿಯೂ ಇರಲಿಲ್ಲ. ಇದ್ದದ್ದು ಆ ಒಂದು ಕೋಣೆ, ಒಂಬತ್ತು ಚಾಪೆ, ಮತ್ತು ಹೊಸ ಪೆಟ್ಟಿಗೆಯೊಂದು ಮೊದಲ ಸಲ ಕಿಂಡಿಯಿಂದ ಉತ್ತರ ಕೊಟ್ಟಾಗ ಮೈ ಜುಮ್ಮೆನ್ನುವ ಸುಖ. ಇಪ್ಪತ್ತು ವರ್ಷವಾದರೂ ಆ ಸುಖ ಹಳತಾಗಿರಲಿಲ್ಲ. ಕೇಳಿದವರಿಗೂ ಕೇಳದವರಿಗೂ ಅದನ್ನು ಹೇಳಿಕೊಂಡು ಓಡಾಡುತ್ತಿದ್ದಳು. ಅವಳು ಎದುರಿಗೆ ಬಂದರೆ ಕೆಲವರು ಓಣಿ ಬದಲಿಸುತ್ತಿದ್ದದ್ದೂ ಉಂಟು.

ವರ್ಷಕ್ಕೊಮ್ಮೆ ಹೊಳೆಯಾಚೆಯಿಂದ ಒಬ್ಬ ಹೆಂಗಸು ಬರುತ್ತಿದ್ದಳು. ಅವಳಿಗೆ ಬದಲಿಸುವವಳು ಎನ್ನುತ್ತಿದ್ದರು. ಅವತ್ತು ಊರಿನ ಹಳೆಯ ಪೆಟ್ಟಿಗೆಗಳನ್ನು ಬದಿಗಿಟ್ಟು, ವಿದ್ಯಾರ್ಥಿಗಳು ಮಾಡಿದ ಹೊಸ ಪೆಟ್ಟಿಗೆಗಳನ್ನು ಕೆಲಸಕ್ಕೆ ಹಚ್ಚಬೇಕು. ಪೆಟ್ಟಿಗೆ ಚೆನ್ನಾಗಿದೆಯೇ ಎಂದು ಅವಳು ಕೇಳುತ್ತಲೇ ಇರಲಿಲ್ಲ. ಸುತ್ತಲೂ ಒಮ್ಮೆ ನೋಡಿ ಒಂದೇ ಒಂದು ಬದಲಾವಣೆ ಹೇಳುತ್ತಿದ್ದಳು. ಇವತ್ತು ಕೆಲಸ ನಡೆಯುವುದು ಅವಳಿಗೆ ದೊಡ್ಡದಲ್ಲ. ಒಂದನ್ನು ಬದಲಿಸಿದಾಗ ಉಳಿದವು ನೆಟ್ಟಗೆ ನಿಲ್ಲಬೇಕು. ನಿಂತರೆ ಅವು ಊರಿನವಾಗುತ್ತಿದ್ದವು, ಮಾಡಿದವರು ಊರು ಕಟ್ಟುವವರಾಗುತ್ತಿದ್ದರು.

ಮೊದಲೆಲ್ಲ ಒಂದೋ ಎರಡೋ ನಿಲ್ಲುತ್ತಿದ್ದವು, ಮೂರು ವರ್ಷದಿಂದ ಒಂದೂ ನಿಂತಿರಲಿಲ್ಲ. ಮೊದಲನೆಯ ವರ್ಷ "ಅಗಸೆ ಬಾಗಿಲು ಒಳಕ್ಕೆ ತೆರೆಯಲಿ" ಎಂದಳು. ಬಾಗಿಲು ಒಳಕ್ಕೆ ತೆರೆಯಿತು, ಅದರ ಜೊತೆಗೆ ಪೇಟೆಯ ಬೀಸುಕಲ್ಲುಗಳೆಲ್ಲ ಹಿಂದುಮುಂದಾಗಿ ತಿರುಗಿ ಹಿಟ್ಟು ಮಾಡಿಸಲು ಬಂದವರ ಮುಖಕ್ಕೆ ಕಾಳು ಎರಚಿದವು. ಎರಡನೆಯ ವರ್ಷ ಗಂಟೆಗೆ ಒಂದು ಹೊಡೆತ ಕಡಿಮೆ ಮಾಡಿಸಿದಳು. ಮೇಲಿನ ಓಣಿಯವರ ಹಾಸಿಗೆಯೊಳಗೆ ನೀರು ಬಂತು. ಮೂರನೆಯ ವರ್ಷ ದೀಪದ ಬಣ್ಣವಷ್ಟೇ ಬದಲಾಯಿತು. ಹರಿಗೋಲು ಹನ್ನೊಂದು ಮಂದಿಯನ್ನು ಕೂರಿಸಿಕೊಂಡು ಹೊಳೆಯ ನಡುವೆ ಸಂಜೆಯವರೆಗೆ ಗಿರಗಿರನೆ ಸುತ್ತಿತು. ಅದರಲ್ಲಿ ಊರಿನ ಹಿರಿಯನೂ ಇದ್ದ.

ಹಿರಿಯ ತಲೆ ಸುತ್ತು ಇಳಿಯುವವರೆಗೆ ಕಾದು, ವಿದ್ಯಾಪೀಠಕ್ಕೆ ಬಂದ.

"ನೋಡವ್ವಾ, ಮೂರು ವರ್ಷ ಸುಮ್ಮನಿದ್ವಿ," ಎಂದ. "ಮುಂದಿನ ಸಲ ಬದಲಿಸಾಕಿ ಬಂದಾಗ ಊರಾಗ ಮತ್ತೇನರ ಕೆಟ್ರ, ಈ ಬಾಗಿಲಕ್ಕ ಮೊಳಿ ಹೊಡಿಸ್ತೀವಿ. ಹಳೀ ಪೆಟ್ಟಿಗಿ ಮ್ಯಾಲ ಎಷ್ಟು ದಿನ ನಡೀತೈತಿ ಅಷ್ಟು ನಡೀಲಿ."

"ಹಳೀವು ಇನ್ನ ಹತ್ತು ವರ್ಷ ಬಾಳೂದಿಲ್ರೀ ಯಜಮಾನ್ರ," ಎಂದಳು ಕಲಿಸುವವಳು.

"ಹೊಸಾವು ಒಂದ ದಿನಾನೂ ಬಾಳವಲ್ಲವಲ್ಲ."

ಆ ಬಾಗಿಲಿಗೆ ಮೊಳೆ ಹೊಡೆದರೆ ತಾನು ಬದುಕಿದ್ದೂ ಇಲ್ಲದಂತೆ ಎಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ನಾಲ್ಕು ದಿನ ಅನ್ನ ಸೇರಲಿಲ್ಲ.

ಐದನೆಯ ದಿನ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತಿದ್ದಾಗ ಹೊಳೆಯಿತು. ಹುಡುಗರಿಗೆ ತಾನು ಕಲಿಸುತ್ತಿದ್ದದ್ದು ಪೆಟ್ಟಿಗೆ ಮಾಡುವುದನ್ನು. ಬದಲಿಸುವವಳು ನೋಡುತ್ತಿದ್ದದ್ದು ಪೆಟ್ಟಿಗೆ ಬದಲಾಗುವುದನ್ನು. ಇಪ್ಪತ್ತು ವರ್ಷ ಒಂದನ್ನು ಕಲಿಸಿ ಇನ್ನೊಂದರಲ್ಲಿ ಪರೀಕ್ಷೆ ಕೊಡಿಸಿದ್ದೇನಲ್ಲ ಎಂದು ಅವಳಿಗೆ ನಗು ಬಂತು, ಸಿಟ್ಟು ಬಂತು, ಆಮೇಲೆ ಎರಡೂ ಹೋಗಿ ಹುರುಪು ಬಂತು. ಅರ್ಧ ಬಾಚಿದ ತಲೆಯಲ್ಲೇ ದಿಬ್ಬ ಹತ್ತಿ ಓಡಿದಳು.

ಅಂದಿನಿಂದ ಕೋಣೆಯಲ್ಲಿ ಮೂರು ಹೊಸ ಪದ್ಧತಿ ಬಂದವು. ಮೊದಲು ಪ್ರಶ್ನೆ, ಆಮೇಲೆ ಪೆಟ್ಟಿಗೆ: ಕಿಂಡಿಯಲ್ಲಿ ಏನು ಕೇಳುತ್ತೇವೆ, ಏನು ಉತ್ತರ ಬರಬೇಕು ಎಂದು ಜೋರಾಗಿ ಹೇಳದೆ ಯಾರೂ ಮರ ಕೊಯ್ಯುವಂತಿಲ್ಲ. ಎರಡನೆಯದು, ದಿನಾ ಬೆಳಿಗ್ಗೆ ಎಲ್ಲ ಪೆಟ್ಟಿಗೆಗಳಿಗೂ ಎಲ್ಲ ಹಳೆಯ ಪ್ರಶ್ನೆಗಳನ್ನು ಕೇಳಬೇಕು. ನಿನ್ನೆ ಸರಿಯಾಗಿ ಹೇಳಿತ್ತು ಎಂಬ ಮಾತಿಗೆ ಬೆಲೆಯಿಲ್ಲ. ನಿನ್ನೆ ಹೇಳಿತ್ತು, ಇವತ್ತು ಹೇಳಲಿ. ಇವತ್ತು ಹೇಳಿತು, ನಾಳೆಯೂ ಹೇಳಲಿ. ಕಲಿಸುವವಳು ನಡುವೆ ನಿಂತು ಪ್ರಶ್ನೆ ಕೂಗುತ್ತಿದ್ದಳು, ಒಂಬತ್ತು ಮಂದಿ ಒಂಬತ್ತು ಕಿಂಡಿ ಬಡಿಯುತ್ತಿದ್ದರು. ಕೂಗು, ಬಡಿತ, ಉತ್ತರ. ಕೂಗು, ಬಡಿತ, ಉತ್ತರ. ಪೇಟೆಯವರು ದಿಬ್ಬದ ಕಡೆ ಕಿವಿಯಿಟ್ಟು, ಇವಳಿಗೆ ಏನೋ ಆಗಿದೆ ಎಂದುಕೊಂಡರು.

ಮೂರನೆಯದು ಎಲ್ಲಕ್ಕಿಂತ ವಿಚಿತ್ರವಾದದ್ದು. ಎಂಟು ದಿನಕ್ಕೊಮ್ಮೆ ಪ್ರತಿಯೊಬ್ಬರೂ ತಮ್ಮ ಪೆಟ್ಟಿಗೆಯನ್ನು ಪಕ್ಕದವರಿಗೆ ಕೊಟ್ಟುಬಿಡಬೇಕು. ಕೊಟ್ಟವರು ಬಾಯಿ ತುಂಬ ನೀರು ಹಿಡಿದುಕೊಂಡು ಎದುರು ಕೂರಬೇಕು. ತೆಗೆದುಕೊಂಡವರು ಮುಚ್ಚಳ ತೆಗೆದು, ಒಳಗಿನ ಮಾತನ್ನು ಕೇಳಿಸಿಕೊಂಡು, ಒಂದು ಸಣ್ಣ ಬದಲಾವಣೆ ಮಾಡಬೇಕು. ಅರ್ಥವಾಗದಿದ್ದರೆ ಮಾಡಿದವರು ವಿವರಿಸುವಂತಿಲ್ಲ; ಬಾಯಲ್ಲಿ ನೀರಿದೆಯಲ್ಲ!

"ಪೆಟ್ಟಿಗಿ ತಾನ ಮಾತಾಡಬೇಕು," ಎಂದಳು. "ನಾಳೆ ನೀವು ಸತ್ತ ಮ್ಯಾಲ ಊರಿನವರು ನಿಮ್ಮನ್ನ ಎಲ್ಲಿ ಹುಡಕ್ಕೋಂತ ಹೋಗಬೇಕು?"

ಮೊದಮೊದಲು ಆ ಕೋಣೆಯಲ್ಲಿ ನೀರು ಚಿಮ್ಮದ ಎಂಟನೆಯ ದಿನವೇ ಇರಲಿಲ್ಲ. ತಮ್ಮ ಪೆಟ್ಟಿಗೆಯನ್ನು ಇನ್ನೊಬ್ಬರು ಪೆದ್ದುಪೆದ್ದಾಗಿ ತಿರುವುತ್ತಿದ್ದರೆ ಯಾರಿಗೆ ತಡೆದೀತು? ಎಲ್ಲರಿಗಿಂತ ಮೊದಲು ಚಿಮ್ಮಿಸುತ್ತಿದ್ದವನು ಚುರುಕಿನವನು. ಆ ಒಂಬತ್ತು ಮಂದಿಯಲ್ಲಿ ಅವನೇ ಜಾಣ. ಉಳಿದವರು ಮರ ಆರಿಸುವಷ್ಟರಲ್ಲಿ ಅವನ ಪೆಟ್ಟಿಗೆ ಉತ್ತರ ಕೊಡುತ್ತಿತ್ತು. ಅವನ ಪಕ್ಕದ ಚಾಪೆಯವಳು ನಿಧಾನದವಳು. ಅವಳು ಒಂದು ಪ್ರಶ್ನೆಯನ್ನು ಮೂರು ದಿನ ಬಾಯಲ್ಲಿಟ್ಟುಕೊಂಡು ಚಪ್ಪರಿಸುತ್ತಿದ್ದಳು.

ಒಂದು ಎಂಟನೆಯ ದಿನ ಚುರುಕಿನವನ ಗಂಟೆಯ ಪೆಟ್ಟಿಗೆ ನಿಧಾನದವಳ ಕೈಗೆ ಬಂತು. ಅವಳು ಗಂಟೆಯ ನಾದವನ್ನು ಸ್ವಲ್ಪ ತಗ್ಗಿಸಿದಳು. ಆ ಕ್ಷಣವೇ ಕೋಣೆಯ ಆಚೆ ಮೂಲೆಯಲ್ಲಿ ಕಲಿಕೆಗೆಂದು ಇಟ್ಟಿದ್ದ ಬೀಸುಕಲ್ಲು ಗಕ್ಕನೆ ನಿಂತಿತು. ಎಲ್ಲರೂ ತಿರುಗಿ ನೋಡಿದರು. ನಿಧಾನದವಳು ಗಂಟೆಯ ಪೆಟ್ಟಿಗೆಯನ್ನು ಮೆಲ್ಲಗೆ ತಿರುಗಿಸಿ ಬೆನ್ನು ನೋಡಿದಳು. ಅಲ್ಲಿ ಸೂಜಿ ಹಿಡಿಸುವಷ್ಟು ತೂತು. ತೂತಿನಿಂದ ಕೂದಲೆಳೆಯಂಥ ಒಂದು ದಾರ ಹೊರಟು, ಚಾಪೆಗಳ ಅಡಿಯಲ್ಲಿ ಹಾದು, ಬೀಸುಕಲ್ಲಿನ ಪೆಟ್ಟಿಗೆಯ ಬೆನ್ನಿನೊಳಗೆ ಹೋಗಿತ್ತು. ಕಿಂಡಿಯಲ್ಲಿ ಕೇಳುವ ತಾಪತ್ರಯ ಬೇಡವೆಂದು ಅವನು ಒಂದರ ಹೊಟ್ಟೆಯಿಂದ ಇನ್ನೊಂದರ ಹೊಟ್ಟೆಗೆ ನೇರ ದಾರ ಕಟ್ಟಿದ್ದ. ಇದಕ್ಕೆ ಆ ಊರಿನಲ್ಲಿ ಕಳ್ಳದಾರ ಎನ್ನುತ್ತಾರೆ.

ಅವನು ಬಾಯಿಯ ನೀರು ನುಂಗಿದ. "ಕೆಲಸ ನಡದಿತ್ತಲ್ರೀ ಅಕ್ಕೋರ," ಎಂದ. "ಎಲ್ಲಾರಕಿಂತ ಜೋರು ನಡದಿತ್ತು."

"ನಡದಿತ್ತು," ಎಂದಳು ಕಲಿಸುವವಳು. "ಮೂರು ವರ್ಷಾನೂ ಬದಲಿಸಾಕಿ ಬರೂತನಕ ಎಲ್ಲಾ ಹಿಂಗ ನಡದಿತ್ತು."

ಅವಳು ಬೈಯಲಿಲ್ಲ. ಬೈಯುವಷ್ಟು ಬೇಸರವೇ ಆಗಿರಲಿಲ್ಲ. ಕಳೆದುಹೋದ ಉಂಗುರ ಸಿಕ್ಕಿದಷ್ಟು ಖುಷಿಯಾಗಿತ್ತು. ಬೀಸುಕಲ್ಲು ಹಿಂದಕ್ಕೆ ತಿರುಗಿದ್ದು, ಹಾಸಿಗೆಗೆ ನೀರು ಬಂದದ್ದು, ಹಿರಿಯ ಹೊಳೆಯಲ್ಲಿ ಸುತ್ತಿದ್ದು, ಎಲ್ಲದಕ್ಕೂ ಕಾರಣ ಈ ಕೂದಲೆಳೆ. ಒಂಬತ್ತೂ ಮಂದಿಯನ್ನು ಕರೆದು ದಾರವನ್ನು ಬೆಳಕಿಗೆ ಹಿಡಿದು ತೋರಿಸಿದಳು. ಮರುದಿನ ಚುರುಕಿನವನು ಯಾರೂ ಹೇಳದೆ ತನ್ನ ಪೆಟ್ಟಿಗೆಗಳ ಬೆನ್ನನ್ನೆಲ್ಲ ತಾನೇ ಹುಡುಕಿ, ಹದಿನಾಲ್ಕು ದಾರ ಕತ್ತರಿಸಿ ತಂದು ಅವಳ ಮುಂದೆ ಹಾಕಿದ. ಅವನ ಮುಖ ಸುಟ್ಟ ಬದನೆಕಾಯಿಯ ಹಾಗಾಗಿತ್ತು. ಬೇರೆಯವರು ಮೂರು, ನಾಲ್ಕು ತಂದರು. ನಿಧಾನದವಳೂ ತಲೆ ತಗ್ಗಿಸಿಕೊಂಡು ಒಂದು ತಂದಳು.

ಅಲ್ಲಿಂದ ಮುಂದೆ ಆ ಕೋಣೆಗೆ ಹಬ್ಬವೇ ಬಂತು. ಎಂಟು ದಿನಕ್ಕೊಮ್ಮೆ ಪೆಟ್ಟಿಗೆ ಕೈ ಬದಲಾಯಿಸುತ್ತಿತ್ತು, ಬಾಯಿಗೆ ನೀರು ಬರುತ್ತಿತ್ತು, ಮುಚ್ಚಳ ಏಳುತ್ತಿತ್ತು. ಒಂದು ಬದಲಾಗುತ್ತಿತ್ತು, ಉಳಿದವು ನಿಲ್ಲುತ್ತಿದ್ದವು. ನಿಂತದ್ದು ಕಂಡಾಗಲೆಲ್ಲ ಒಂಬತ್ತು ಬಾಯಿಂದ ಒಟ್ಟಿಗೆ ನೀರು ಚಿಮ್ಮುತ್ತಿತ್ತು, ಈ ಸಲ ನಗುವಿಗೆ. ಪ್ರಶ್ನೆಗಳು ನೂರಾದವು, ಇನ್ನೂರಾದವು, ಮುನ್ನೂರು ದಾಟಿದವು. ಅಷ್ಟನ್ನೂ ಕಲಿಸುವವಳು ತಲೆಯಲ್ಲಿಟ್ಟುಕೊಂಡಿದ್ದಳು. ಯಾವುದನ್ನು ಮೊದಲು ಕೇಳಬೇಕು, ಯಾವ ಪೆಟ್ಟಿಗೆಯನ್ನು ಯಾವುದಕ್ಕಿಂತ ಮುಂಚೆ ಎಬ್ಬಿಸಬೇಕು, ಎಲ್ಲ ಅವಳಿಗೆ ಬಾಯಿಪಾಠ. ತಡವರಿಸದೆ ಕೂಗುವುದನ್ನು ಕೇಳುವುದೇ ಒಂದು ಸೊಗಸು, ಅದು ಅವಳಿಗೂ ಗೊತ್ತಿತ್ತು.

ಒಂದು ದಿನ ನಿಧಾನದವಳು ಕೇಳಿದಳು: "ಅಕ್ಕೋರ, ಪ್ರಶ್ನಿ ಎಲ್ಲಾ ನಿಮ್ಮ ತಲ್ಯಾಗ ಅದಾವು. ಅವಕ್ಕ ಬ್ಯಾರೆ ಜಾಗಾ ಮಾಡೂದು ಬ್ಯಾಡೇನ್ರಿ?"

"ನನ್ನ ತಲಿ ಎಲ್ಲಿ ಓಡಿಹೋಗ್ತೈತಿ ಬಿಡು," ಎಂದಳು ಕಲಿಸುವವಳು. ಎಲ್ಲರೂ ನಕ್ಕರು. ನಿಧಾನದವಳು ಮಾತ್ರ ನಗದೆ ತನ್ನ ಚಾಪೆಗೆ ಹೋದಳು.

ಬದಲಾವಣೆಯ ದಿನ ಬಂತು. ಸೂರ್ಯ ಇನ್ನೂ ಕೆಂಪಗಿರುವಾಗಲೇ ಊರಿಗೆ ಊರೇ ದಿಬ್ಬ ಹತ್ತಿತು. ಹಿರಿಯ ಬಂದ, ಅವನ ಹಿಂದೆ ಬಡಗಿಯೊಬ್ಬ ಸುತ್ತಿಗೆ ಮತ್ತು ಉದ್ದುದ್ದ ಮೊಳೆಗಳನ್ನು ಹಿಡಿದುಕೊಂಡು ಬಂದ. ಊರಿನ ಹಳೆಯ ಪೆಟ್ಟಿಗೆಗಳನ್ನು ಬದಿಗಿಟ್ಟಾಗಿತ್ತು. ನೀರು ನಿಂತಿತ್ತು, ಬಾಗಿಲು ಮುಚ್ಚಿತ್ತು, ಬೀಸುಕಲ್ಲು ತಣ್ಣಗಿತ್ತು. ಸೂರ್ಯ ನೆತ್ತಿಗೆ ಬರುವುದರೊಳಗೆ ಹೊಸ ಪೆಟ್ಟಿಗೆಗಳು ತಮ್ಮ ಪ್ರಶ್ನೆಗಳಿಗೆಲ್ಲ ಸರದಿಯಂತೆ ಉತ್ತರ ಕೊಟ್ಟು ಇಡೀ ಊರನ್ನು ಎಬ್ಬಿಸಬೇಕು.

ಕಲಿಸುವವಳಿಗೆ ಒಂದಿಷ್ಟೂ ಅಳುಕಿರಲಿಲ್ಲ. ಹೊಸ ಸೀರೆ ಉಟ್ಟಿದ್ದಳು. ಏನು ಬೇಕಾದರೂ ಬದಲಿಸು ತಾಯಿ, ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಬಾಗಿಲು ಬದಲಿಸು, ಗಂಟೆ ಬದಲಿಸು, ನೀರನ್ನು ಕೆಳಗಿನಿಂದ ಮೇಲಕ್ಕಲ್ಲ, ಮೇಲಿನಿಂದ ಆಕಾಶಕ್ಕೇ ಕಳಿಸು ಎನ್ನು, ನನ್ನ ಹುಡುಗರು ಮಾಡುತ್ತಾರೆ.

ಬದಲಿಸುವವಳು ಕೋಣೆಯನ್ನು ಒಮ್ಮೆ ಸುತ್ತಿದಳು. ನೀರಿನ ಪೆಟ್ಟಿಗೆಯ ಬೆನ್ನು ಸವರಿದಳು, ಗಂಟೆಯ ಪೆಟ್ಟಿಗೆಯ ಬೆನ್ನು ಸವರಿದಳು. ಎಲ್ಲೂ ತೂತಿರಲಿಲ್ಲ. ಆಮೇಲೆ ಸುತ್ತು ನಿಂತ ಒಂಬತ್ತು ಮಂದಿಯನ್ನು ನೋಡಿದಳು. ಅವರ ಹದಿನೆಂಟು ಕಣ್ಣೂ ಒಂದೇ ಕಡೆಗೆ, ಕಲಿಸುವವಳ ತುಟಿಯ ಕಡೆಗೆ, ನೆಟ್ಟಿದ್ದವು.

"ಈ ವರ್ಷ ಬದಲಿಸೂದು ಇದು," ಎಂದು ಬದಲಿಸುವವಳು ಕಲಿಸುವವಳ ಭುಜ ಮುಟ್ಟಿದಳು. "ಈಕಿ ಹೊರಗ. ನಡೀಲಿ ನಿಮ್ಮ ಕೆಲಸ."

ಕಲಿಸುವವಳು ಒಂದು ಹೆಜ್ಜೆ ಹಿಂದೆ ಸರಿದಳು. "ನಾನು ಪೆಟ್ಟಿಗಿ ಅಲ್ರೀ," ಎಂದಳು.

"ಅಲ್ಲೇನು? ಮುನ್ನೂರು ಪ್ರಶ್ನಿ ಒಂದ ಹೊಟ್ಯಾಗ ಇಟಗೊಂಡು ಕುಂತೀರಿ. ಎಲ್ಲಾ ಕಿಂಡಿ ನಿಮ್ಮ ಕಡೆ ತೆರದಾವು." ಬದಲಿಸುವವಳು ತಂಬಿಗೆ ಎತ್ತಿ ಕೊಟ್ಟಳು. "ಬಾಯಿ ತುಂಬಿಸಿಕೊಳ್ರಿ."

ನೀರು ತುಂಬಿದ ಬಾಯಲ್ಲಿ ಅವಳು ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಬಾಗಿಲು ಮುಚ್ಚಿತು. ಪಕ್ಕದಲ್ಲೇ ಬಡಗಿ ಸುತ್ತಿಗೆ ಊರಿಕೊಂಡು ಕೂತಿದ್ದ.

ಒಳಗೆ ಮೊದಲು ಸದ್ದೇ ಇಲ್ಲ. ಆ ಸದ್ದಿಲ್ಲದ ಹೊತ್ತಿನಲ್ಲಿ ಅವಳಿಗೆ ತನ್ನ ತಪ್ಪು ಪೂರ್ತಿ ತಿಳಿಯಿತು. ಒಂಬತ್ತು ಜನರ ಪೆಟ್ಟಿಗೆಗಳಿಂದ ಕಳ್ಳದಾರಗಳನ್ನು ಕಿತ್ತವಳು, ಒಂಬತ್ತು ಜನರಿಂದಲೂ ತನ್ನ ತಲೆಗೆ ಒಂದೊಂದು ದಾರ ಕಟ್ಟಿಕೊಂಡಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾದವು. ನೀರನ್ನು ಉಗುಳಿ, ಮೊದಲು ನೀರಿನ ಪೆಟ್ಟಿಗೆ, ಆಮೇಲೆ ಹರಿಗೋಲು ಎಂದು ಕೂಗಿಬಿಡೋಣವೆನಿಸಿತು. ಕೂಗಿದರೆ ಮೊಳೆ.

ಆಮೇಲೆ ಒಳಗೆ ಗಲಾಟೆ ಎದ್ದಿತು. ಒಬ್ಬರ ಮೇಲೊಬ್ಬರು ಮಾತು. ಬೀಸುಕಲ್ಲು ಮೊದಲು ಎಂದೊಬ್ಬ, ಅಗಸೆ ಮೊದಲು ಎಂದೊಬ್ಬಳು. ಯಾವುದೋ ಪೆಟ್ಟಿಗೆ ತಪ್ಪು ಹೊತ್ತಿಗೆ ಎದ್ದು ಕೀರಲು ದನಿಯಲ್ಲಿ ಕಿರುಚಿತು. ಆ ಗದ್ದಲದ ಮೇಲೆ ಚುರುಕಿನವನ ದನಿ ಕೇಳಿಸಿತು.

"ಹೊತ್ತಿಲ್ಲೋ! ಎಲ್ಲಾದಕ್ಕೂ ಒಂದು ದಾರ ಕಟ್ಟಿ ನನ್ನ ಕೈಯಾಗ ಕೊಡ್ರಿ. ನಾ ಜಗ್ಗತೇನಿ, ಎಲ್ಲಾ ಏಳ್ತಾವು. ಒಂದ ದಿನದ ಮಾತು."

ಅವಳು ಕಣ್ಣು ಮುಚ್ಚಿದಳು. ಆ ದಾರದಿಂದ ಊರು ಏಳುತ್ತದೆ, ಖಂಡಿತ ಏಳುತ್ತದೆ. ಬಾಗಿಲಿಗೆ ಮೊಳೆ ಬೀಳುವುದಿಲ್ಲ, ಆದರೆ ಕಲಿಸಿದ್ದೆಲ್ಲ ಸತ್ತುಹೋಗುತ್ತದೆ. ಕಟ್ಟಲಿ ಎಂದು ಅವಳ ಒಂದು ಮನಸ್ಸು ಆಸೆಪಟ್ಟಿತು, ಸುಳ್ಳೇಕೆ ಹೇಳಬೇಕು. ಬಾಯಲ್ಲಿ ನೀರು ಬೆಚ್ಚಗಾಗಿತ್ತು.

"ಬ್ಯಾಡ." ಅದು ನಿಧಾನದವಳ ದನಿ. "ಅಕ್ಕೋರ ತಲಿ ಬದಲಿ ನಿನ್ನ ಕೈ ಬರತೈತಿ, ಅಷ್ಟ. ಗಂಟಿ ಪೆಟ್ಟಿಗಿ ನಿನ್ನ ಹತ್ರ ಎಷ್ಟು ದಿನ ಇತ್ತು?"

"ಎಂಟು ದಿನ ಎರಡು ಸಲ."

"ಅದಕ್ಕ ಏನೇನು ಪ್ರಶ್ನಿ ಕೇಳಿದ್ದಿ, ಅವಷ್ಟ ಹೇಳು."

ಅವನು ಹೇಳತೊಡಗಿದ. ಹನ್ನೆರಡು ಹೇಳಿದ. ಹದಿಮೂರನೆಯದನ್ನು ಇನ್ನೊಬ್ಬ ಸೇರಿಸಿದ, ಗಂಟೆ ಅವನ ಕೈಯಲ್ಲೂ ಎಂಟು ದಿನ ಇತ್ತಲ್ಲ. ನೀರು ಯಾರ ಕೈಯಲ್ಲಿತ್ತು? ಮೂವರು ಮಾತಾಡಿದರು. ಹರಿಗೋಲು? ಇಬ್ಬರು. ಪೆಟ್ಟಿಗೆಗಳು ಕೈಯಿಂದ ಕೈಗೆ ತಿರುಗಿದ್ದರಿಂದ ಪ್ರತಿಯೊಂದು ಪ್ರಶ್ನೆಯೂ ಯಾರೋ ಒಬ್ಬರಲ್ಲಿ ಉಳಿದುಕೊಂಡಿತ್ತು. ಯಾರೂ ಇನ್ನೊಬ್ಬರ ಮಾತನ್ನು ಕಿತ್ತುಕೊಳ್ಳಲಿಲ್ಲ. ಕೇಳಿದರು, ಕಾದರು, ತೆಗೆದುಕೊಂಡರು. ನೂರು ಬಂದವು, ಇನ್ನೂರು ಬಂದವು. ಕಲಿಸುವವಳು ಹೊರಗೆ ಬೆರಳು ಮಡಿಸುತ್ತ ಹೋದಳು. ಅವಳು ಮರೆತೇಬಿಟ್ಟಿದ್ದ ನಾಲ್ಕು ಪ್ರಶ್ನೆಗಳೂ ಬಂದವು.

ಆಮೇಲೆ ಕತ್ತರಿಸುವ, ಕೆತ್ತುವ ಸದ್ದು. ಅದೇನೆಂದು ಅವಳಿಗೆ ತಿಳಿಯಲಿಲ್ಲ. ಸೂರ್ಯ ನೆತ್ತಿಯ ಹತ್ತಿರ ಬಂದ. ಹಿರಿಯ ಕೆಮ್ಮಿದ. ಬಡಗಿ ಒಂದು ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಂಡು ಎದ್ದು ನಿಂತ.

ಒಳಗೆ ಒಂದು ಕಿಂಡಿ ಬಡಿದ ಸದ್ದಾಯಿತು. ಒಂದೇ ಸಲ.

"ಬೆಳಗಾಯಿತು," ಎಂದಿತು ಒಂದು ಹೊಸ ದನಿ. ಅದು ಒಂಬತ್ತು ಮಂದಿಯಲ್ಲಿ ಯಾರ ದನಿಯೂ ಅಲ್ಲ.

ಮೇಲಿನ ಓಣಿಗೆ ನೀರು ಏರಿತು. ಅಗಸೆ ಬಾಗಿಲು ತೆರೆಯಿತು. ಬೀಸುಕಲ್ಲು ತಿರುಗಿತು, ನೆಟ್ಟಗೆ, ಮುಂದಕ್ಕೆ. ಹರಿಗೋಲು ಹೊಳೆಯನ್ನು ಸೀದಾ ದಾಟಿತು. ಗಂಟೆ ತನ್ನ ಸರಿಯಾದ ಹೊಡೆತಗಳನ್ನು ಹೊಡೆಯಿತು, ಜನ ಒಂದೊಂದನ್ನೂ ಎಣಿಸಿದರು. ಎಣಿಸಿ ಮುಗಿದ ಮೇಲೂ ಯಾರ ಮನೆಯಲ್ಲೂ ಏನೂ ಕೆಡಲಿಲ್ಲ. ಹಿರಿಯ ಬಡಗಿಯ ಬಾಯಿಂದ ಮೊಳೆ ತೆಗೆದು ಅವನ ಜೇಬಿಗೆ ಹಾಕಿ, "ಮನೀಗೆ ನಡಿ," ಎಂದ.

ಬದಲಿಸುವವಳು ಹೊರಗೆ ಬಂದು ಕಲಿಸುವವಳಿಗೆ ತಲೆಯಾಡಿಸಿ ಹೊಳೆಯ ಕಡೆ ಇಳಿದುಹೋದಳು. ಕಲಿಸುವವಳು ನೀರು ನುಂಗಿದಳು. ಅವಳಿಗೆ ಕುಣಿಯಬೇಕೆನಿಸಿತು. ಅದರ ಬೆನ್ನಿಗೇ ಅಳು ಬಂತು. ಗೆದ್ದದ್ದು ನಿಜ, ಆದರೆ ತನ್ನನ್ನು ಹೊರಗಿಟ್ಟು ಗೆದ್ದರಲ್ಲ ಎಂದು ಒಂದು ಸಣ್ಣ ಮುಳ್ಳು ಚುಚ್ಚಿತು. ಇನ್ನು ಒಳಗೆ ಹೋಗಿ ಎಲ್ಲಿ ನಿಲ್ಲುವುದೆಂದು ತಿಳಿಯದೆ ಹೊಸಿಲಲ್ಲೇ ಉಳಿದಳು.

ಚುರುಕಿನವನು ಬಾಗಿಲಿಗೆ ಬಂದ. ಮೈಯೆಲ್ಲ ಮರದ ಪುಡಿ.

"ಅಕ್ಕೋರ, ಪ್ರಶ್ನಿಗೆ ಅಂತ ಒಂದು ಪೆಟ್ಟಿಗಿ ಮಾಡೀವ್ರಿ. ಎಲ್ಲಾ ಅದರಾಗ ಇಟ್ಟೀವಿ. ಬಡದ್ರ ಅದ ಎಲ್ಲಾರನ್ನೂ ಕೇಳಿಕೋತ ಹೋಗ್ತೈತಿ."

"ನೋಡ್ತೀನಿ ತಡಿ," ಎಂದು ಅವಳು ಅಭ್ಯಾಸಬಲದಿಂದ ಮುಂದೆ ನಡೆದಳು. "ಅದರ ಕಿಂಡ್ಯಾಗ ಏನು ಕೇಳಬೇಕು?"

ಕೇಳಿದ ಮೇಲೆ ಅವಳಿಗೇ ಕೇಳಿಸಿತು, ತಾನು ಏನು ಕೇಳಿದೆ ಎಂಬುದು. ಇಪ್ಪತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವಳು ಯಾರಿಗೂ ಕೇಳಿರಲಿಲ್ಲ.

ನಿಧಾನದವಳು ಒಳಗಿನಿಂದ ಬಂದು ಅವಳ ಕೈ ಹಿಡಿದಳು. "ಬರ್ರಿ ಅಕ್ಕೋರ, ಹೇಳಿಕೊಡ್ತೀವಿ," ಎಂದಳು.

ಒಂಬತ್ತು ಮಂದಿ ಸರಿದು ಜಾಗ ಮಾಡಿದರು. ಕಲಿಸುವವಳು ಸೀರೆಯ ಸೆರಗು ಬಿಗಿದುಕೊಂಡು, ಕೊನೆಯ ಚಾಪೆಯ ಮೇಲೆ ಕಾಲು ಮಡಿಸಿ ಕೂತಳು.